ಅಜ್ಜನ ಹೆಸರಿನ ಖಾಲಿ ಜಾಗ

ಅಥವಾ ಅದು ಸೌದಿಯ ಖತೀಫಿನ ಮೀನು ಮಾರುಕಟ್ಟೆ ಆಗಿರಲಿಕ್ಕೇ ಇಲ್ಲ, ದಮ್ಮಾಮಿನ ಬಸ್ ನಿಲ್ದಾಣವೂ ಇರಬಹುದು. ಮೀನಿನ ವಾಸನೆ ನೆನಪಿದೆ ನಿಜ. ಆದರೆ ಮಂಗಳೂರಿನ ಬಂದರಿನಲ್ಲಿ ಬೆಳೆದವನ ಎಲ್ಲ ನೆನಪುಗಳಿಗೂ ಮೀನಿನ ವಾಸನೆ ಇರುವುದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಎಂಬತ್ತರ ದಶಕದ ನಡುವಿನ ಯಾವುದೋ ಒಂದು ಶುಕ್ರವಾರ, ನನ್ನ ಮೂಗನ್ನು ನಾನು ಬೇರೊಬ್ಬರ ಮುಖದಲ್ಲಿ ಕಂಡೆ ಎಂಬುದಷ್ಟೇ ಖಚಿತ. ಮುದುಕ ಅರಬ. ನಡುವೆ ಸ್ವಲ್ಪ ಎದ್ದು, ತುದಿಯಲ್ಲಿ ಎಡಕ್ಕೆ ವಾಲಿದ ಮೂಗು. ಅವನು ಹೋದ ಕಡೆಗೆಲ್ಲ ನಾನೂ ಹೋದೆ. ಕೊನೆಗೆ ಅವನು ಜೇಬು ಮುಟ್ಟಿ ನೋಡಿಕೊಂಡು ಬೇಗಬೇಗ ನಡೆದುಬಿಟ್ಟ.

ಮನುಷ್ಯ ಪೂರ್ವಜರನ್ನು ಹುಡುಕುವುದು ಪ್ರೀತಿಯಿಂದಲ್ಲ, ಅವರಿಂದ ಏನಾದರೂ ಆಗಬೇಕಾದಾಗ. ನನಗೆ ಆಗಬೇಕಾದದ್ದು ಇಷ್ಟೇ: ಹೆಂಡತಿ ಝುಬೈದಾಳನ್ನೂ ಮಗಳನ್ನೂ ಕರೆಸಿಕೊಳ್ಳಬೇಕಿತ್ತು. ನಾನು ಒಂದು ಕಟ್ಟಡ ಕಂಪನಿಯ ಗೋದಾಮು ನೋಡಿಕೊಳ್ಳುತ್ತಿದ್ದೆ. ನನ್ನ ಇಕಾಮಾದಲ್ಲಿ, ಅಂದರೆ ಅಲ್ಲಿ ಇರಲು ಕೊಟ್ಟ ಪರವಾನಗಿಯಲ್ಲಿ, ಬರೆದ ಕೆಲಸಕ್ಕೆ ಸಂಸಾರ ತರುವ ಯೋಗ್ಯತೆ ಇರಲಿಲ್ಲ. ಕಂಪನಿಯಲ್ಲಿ ನನ್ನನ್ನು ಎಲ್ಲರೂ ‘ಸ್ಟೋರ್’ ಎಂದೇ ಕರೆಯುತ್ತಿದ್ದರು. ಯೂಸುಫ್ ಎಂಬ ನನ್ನ ಹೆಸರು ತಿಂಗಳುಗಟ್ಟಲೆ ಯಾರ ಬಾಯಿಂದಲೂ ಬರದೆ, ಕೆಲವೊಮ್ಮೆ ಹಲ್ಲುಜ್ಜುವಾಗ ನಾನೇ ಒಂದು ಸಲ ಹೇಳಿ ನೋಡುತ್ತಿದ್ದೆ. ಊರಿನಿಂದ ಪತ್ರಗಳಿಗಿಂತ ಹೆಚ್ಚಾಗಿ ಕ್ಯಾಸೆಟ್ಟುಗಳು ಬರುತ್ತಿದ್ದವು. ಮಾತು ತುಂಬಿಸಿ, ಈ ಕಡೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಕುಬ್ಬೂಸ್ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರೆ ಒಂದು ಊಟಕ್ಕೆ ಜನ ಜೊತೆಗಿದ್ದ ಹಾಗೆ. ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆ ಬಂದಾಗ ಮಾತ್ರ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ನನ್ನ ಅಜ್ಜ, ತಂದೆಯ ತಂದೆ, ಅರಬ. ಇದು ಹೆಮ್ಮೆಯ ಮಾತಲ್ಲ, ನಮ್ಮ ಬಂದರಿನಲ್ಲಿ ಇಂಥ ಅಜ್ಜಂದಿರು ಅಪರೂಪವೂ ಅಲ್ಲ. ಖತೀಫಿನ ಕಡೆಯ ಖರ್ಜೂರದ ಹಡಗಿನಲ್ಲಿ ಬಂದರು, ಅಜ್ಜಿಯನ್ನು ನಿಕಾಹ್ ಆದರು, ಕೆಲವು ವರ್ಷ ಹಡಗಿನೊಂದಿಗೆ ಬಂದು ಹೋಗಿ ಮಾಡಿದರು, ಒಮ್ಮೆ ಹಂಚು ತುಂಬಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಖತೀಫಿನ ಕಡೆ ಎಂಬುದು ಅಜ್ಜಿಯ ಮಾತು. ನಾನು ಚಿಕ್ಕವನಿದ್ದಾಗ ಅವರು ಬಸ್ರಾ ಎನ್ನುತ್ತಿದ್ದರು ಎಂಬ ಅನುಮಾನ ನನಗಿದೆ. ಖತೀಫಿನಲ್ಲಿ ನನಗೆ ಕೋಣೆ ಸಿಕ್ಕಿದ ಮೇಲೆ ಅಜ್ಜಿಯ ಮಾತಿನಲ್ಲಿ ಅಜ್ಜನೂ ಅಲ್ಲಿಗೆ ಬಂದು ನೆಲೆಸಿರಬಹುದು.

ಈ ಕಥೆಯನ್ನು ದಮ್ಮಾಮಿನಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ಭಟ್ಕಳದ ಖಾದರ್ ಸಾಹೇಬರಿಗೆ ಹೇಳಿದ್ದೇ ತಪ್ಪಾಯಿತು.

“ಅಜ್ಜ ಈ ಕಡೆಯವ ಅಂತ ತೋರಿಸಿದ್ರೆ ಇಲ್ಲಿಯ ಪ್ರಜೆ ಆಗ್ಲಿಕ್ಕೆ ದಾರಿ ಉಂಟಂತೆ,” ಎಂದರು. “ಹಾಕು ಮಾರಾಯ ಅರ್ಜಿ. ಹೋಗುವುದು ಎಂತ?”

“ನಿಮ್ಮ ಹಿರಿಯರೂ ಅರಬರಲ್ವಾ ಸಾಹೇಬ್ರೆ? ನೀವು ಯಾಕೆ ಹಾಕ್ಲಿಲ್ಲ?”

“ನಮ್ಮವರು ಬಂದು ಸಾವಿರ ವರ್ಷ ಆಯ್ತು. ನಿನ್ನದು ಹೊಸ ಮಾಲು.”

ಹೊಸ ಮಾಲು ಅರ್ಜಿ ಹಿಡಿದು ಪೌರತ್ವದ ಕಚೇರಿಗೆ ಹೋಯಿತು. ಗುಮಾಸ್ತ ಒಳ್ಳೆಯ ಮನುಷ್ಯ, ನನಗೂ ಒಂದು ಲೋಟ ಚಹಾ ತರಿಸಿದ. ನನ್ನ ಹೆಸರು ಬರೆದುಕೊಂಡ, ತಂದೆ ಇಬ್ರಾಹಿಮರ ಹೆಸರು ಬರೆದುಕೊಂಡ. ಅಜ್ಜನ ಹೆಸರು ಕೇಳಿದ.

ನಂಬುವವರು ನಂಬಬೇಕು, ನನಗೆ ಅಜ್ಜನ ಹೆಸರು ಗೊತ್ತಿರಲಿಲ್ಲ. ಬಂದರಿನಲ್ಲಿ ಎಲ್ಲರೂ ಅವರನ್ನು ಕರೆದದ್ದು ‘ಅರಬಿ’ ಎಂದು. ನಮ್ಮ ತಂದೆ ಸಾಯುವವರೆಗೂ ‘ಅರಬಿಯ ಮಗ ಇಬ್ರಾಹಿಂ’. ಮನೆ ಅಜ್ಜಿಯ ತಾಯಿಯದಾದ್ದರಿಂದ ಮನೆಯ ಕಾಗದಗಳಲ್ಲಿ ಅಳಿಯನಿಗೆ ಜಾಗವಿರಲಿಲ್ಲ. ಮಸೀದಿಯ ನಿಕಾಹ್ ಪುಸ್ತಕವನ್ನು ಗೆದ್ದಲು ಯಾವತ್ತೋ ಓದಿ ಮುಗಿಸಿತ್ತು. ಗುಮಾಸ್ತನಿಗೆ ನಾನು ‘ಅರಬಿ’ ಎಂದೆ. ಅವನು ಕೋಣೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ, “ಇಲ್ಲಿ ಎಲ್ಲರೂ ಅರಬಿಗಳೇ,” ಎಂದು ಕಾಗದ ಹಿಂದಕ್ಕೆ ಕೊಟ್ಟ.

ಹೆಸರು ಗೊತ್ತಿರುವ ಒಂದೇ ಜೀವ ಅಜ್ಜಿ. ಕ್ಯಾಸೆಟ್ಟಿನಲ್ಲಿ ಕೇಳಿ ಕಳಿಸಿದೆ. ಉತ್ತರವೂ ಕ್ಯಾಸೆಟ್ಟಿನಲ್ಲೇ ಬಂತು. ಅಜ್ಜಿ ಆಡಿದ್ದು ಬ್ಯಾರಿ ಭಾಷೆಯಲ್ಲಿ, ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಆದ್ದರಿಂದ ಇದರಲ್ಲಿ ಅರ್ಧ ನನ್ನದೇ ಎಂದು ಓದುಗರು ತಿಳಿಯಬೇಕು.

“ಗಂಡನ ಹೆಸರು ನಾನು ಹೇಗೆ ಹೇಳ್ಲಿ ಮೋನೇ? ಹೇಳಿದ್ರೆ ಅವರ ಆಯುಸ್ಸು ಕಡಿಮೆ ಆಗ್ತದೆ. ಜೀವ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ಸುದ್ದಿ ಬಂದಿದ್ಯಾ? ನಾನು ವಿಧವೆ ಅಂತ ಇದ್ದತ್ ಕೂತಿದ್ದೇನಾ? ನೀನು ಅಲ್ಲೇ ಇದ್ದೀಯಲ್ಲ, ಅವರನ್ನೇ ಕೇಳು. ಕಂಡ್ರೆ ಹೇಳು, ಮಾಡಿನ ಹಂಚು ಪೂರಾ ಹೊಸತು ಹಾಕಿ ಆಯ್ತು ಅಂತ.”

ಅಜ್ಜ ಬದುಕಿದ್ದರೆ ಅವರಿಗೆ ನೂರರ ಹತ್ತಿರ ಇರಬೇಕು. ಆದರೂ ಆ ಕ್ಯಾಸೆಟ್ಟು ಬಂದ ಮೇಲೆ ಬೀದಿಯಲ್ಲಿ ಮುದುಕರು ಕಂಡಾಗ ನಾನು ಸಲಾಮನ್ನು ಒಂದಿಷ್ಟು ಹೆಚ್ಚೇ ಬಗ್ಗಿ ಹೇಳತೊಡಗಿದೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳದಿದ್ದರೂ ಬೇರೆಯವರು ಹೇಳಿದಾಗ ತಲೆಯಾಡಿಸುವುದುಂಟು. ರೇಷನ್ ಕಾರ್ಡು ಬರೆಯಲು ಬಂದವರೆಲ್ಲ ಇದೇ ಉಪಾಯದಿಂದ ಗಂಡಂದಿರನ್ನು ಹೊರಗೆ ತೆಗೆದದ್ದು. ನಾನು ಖತೀಫಿನ ಅಂಗಡಿ ಬೋರ್ಡುಗಳಿಂದ ಒಂದಷ್ಟು ಹೆಸರು ಆರಿಸಿ ಝುಬೈದಾಳಿಗೆ ಕಳಿಸಿದೆ. ಅಜ್ಜಿಯ ಮುಂದೆ ಒಂದೊಂದಾಗಿ ಓದು, ಎಲ್ಲಿ ತಲೆಯಾಡಿಸುತ್ತಾರೋ ನೋಡು, ಎಲ್ಲ ಟೇಪಿಗೆ ಹಾಕು ಎಂದು ಹೇಳಿದೆ. ತಲೆಯಾಡಿಸುವುದು ಟೇಪಿನಲ್ಲಿ ಕೇಳಿಸುವುದಿಲ್ಲ ಎಂದು ಹೊಳೆಯದ ನಾನು ಗೋದಾಮು ಹೇಗೆ ನಡೆಸುತ್ತಿದ್ದೆ ಎಂದು ಯಾರೂ ಕೇಳಬೇಡಿ.

ಕ್ಯಾಸೆಟ್ಟು ಬಂತು. “ಇದಾ, ಕೇಳ್ತದಾ? ಶುರು ಮಾಡ್ತೇನೆ,” ಎಂದಳು ಝುಬೈದಾ. “ಅಜ್ಜೀ, ಅಲಿ?” ಟೇಪಿನ ಗರಗರ. “ಹಸನ್?” ಅಡಕತ್ತರಿಯ ಸದ್ದು. “ಮನ್ಸೂರ್? ಸಾಲಿಹ್? ಈಸಾ?” ಹಿಂದೆ ನನ್ನ ಮಗಳ ಕೆಮ್ಮು. ಮಗಳು ಬೆಳೆದಿದ್ದಾಳೆ, ಕೆಮ್ಮೂ ದೊಡ್ಡದಾಗಿದೆ ಅನಿಸಿತು. ಆಮೇಲೆ ಝುಬೈದಾ ಗಕ್ಕನೆ ನಿಂತಳು. “ಇನ್ನೊಂದುಂಟು ಅಜ್ಜೀ… ಅದನ್ನು ನನಗೆ ಹೇಳ್ಲಿಕ್ಕಾಗುವುದಿಲ್ಲ.” ಆಗ ಅಜ್ಜಿ ನಕ್ಕರು. ಟೇಪು ಮುಗಿಯಿತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಪಟ್ಟಿಯಲ್ಲಿ ಯೂಸುಫ್ ಎಂದೂ ಬರೆದಿದ್ದೆ. ಖತೀಫಿನಲ್ಲಿ ಆ ಹೆಸರಿನ ಹೊಲಿಗೆಯವನೊಬ್ಬನಿದ್ದ. ಅದು ನನ್ನದೂ ಹೆಸರು, ಝುಬೈದಾ ಬಾಯಿಬಿಟ್ಟು ಹೇಳದ ಒಂದೇ ಹೆಸರು ಎಂಬುದು ಬರೆಯುವಾಗ ನೆನಪಿಗೇ ಬಂದಿರಲಿಲ್ಲ. ಅಷ್ಟರಮಟ್ಟಿಗೆ ನಾನು ಸ್ಟೋರ್ ಆಗಿದ್ದೆ.

ಆ ನಗುವನ್ನು ಎಷ್ಟು ಸಲ ಕೇಳಿದೆನೋ, ಆ ಜಾಗದಲ್ಲಿ ಟೇಪು ಸವೆದು ನಗು ಸೀನಿನ ಹಾಗಾಯಿತು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ರೂಢಿ. ಅಜ್ಜಿ ಹೆಸರು ಸಿಕ್ಕಿತೆಂದು ನಕ್ಕರೋ, ಝುಬೈದಾಳ ನಾಚಿಕೆಗೆ ನಕ್ಕರೋ? ಖಾದರ್ ಸಾಹೇಬರು, “ಹಾಕಿಬಿಡು, ನಿನ್ನ ಹೆಸರೇ ಹಾಕು. ಬಂದು ಅಲ್ಲ ಅನ್ನುವವ ಯಾರುಂಟು?” ಎಂದರು. ಅಲ್ಲ ಅನ್ನುವವರು ಬರುವುದಾದರೆ ಅದೂ ಒಳ್ಳೆಯದೇ ಎಂದುಕೊಂಡು ಹಾಕಿದೆ. ಗುಮಾಸ್ತ ಓದಿ, ಅಜ್ಜನ ಹೆಸರೇ ಮೊಮ್ಮಗನಿಗೂ ಬಂದಿದೆ ಎಂದು ಮೆಚ್ಚಿಕೊಂಡ. ಮುದ್ರೆ ಒತ್ತಿ, “ಬುಕ್ರಾ,” ಎಂದ. ಬುಕ್ರಾ ಎಂದರೆ ನಾಳೆ.

ನಾಳೆಯನ್ನು ನಾನು ಬಹಳ ಕಾಲ ಕಾದೆ. ಚಹಾ ಸಿಗುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಅಜ್ಜಿ ತೀರಿಕೊಂಡರು. ರಜೆಯಲ್ಲಿ ಹೋದಾಗ ಝುಬೈದಾಳನ್ನು ಕೇಳಿದೆ, “ಆವತ್ತು ಅಜ್ಜಿ ನಕ್ಕರಲ್ಲ, ತಲೆ ಆಡಿಸಿದ್ರಾ?”

“ನನಗೆ ನಾಚಿಕೆಯಾಗಿತ್ತು. ನಾನು ಅವರ ಮುಖ ಎಲ್ಲಿ ನೋಡಿದ್ದೇನೆ?” ಎಂದಳು. ಆಮೇಲೆ, “ನಮಗೆ ವೀಸಾ ಬರ್ತದಾ?” ಎಂದು ಕೇಳಿದಳು.

“ನಾಳೆ,” ಎಂದೆ.

ವೀಸಾ ಬರಲಿಲ್ಲ. ಕಂಪನಿ ಕೆಲಸ ಮುಗಿಸಿತು, ನಾನೇ ಊರಿಗೆ ಬಂದೆ. ಆ ಕಚೇರಿಯ ಯಾವುದೋ ಕಪಾಟಿನಲ್ಲಿ ನಾನು ಈಗಲೂ ನನಗೇ ಅಜ್ಜನಾಗಿ ಕೂತಿರಬಹುದು. ನಿಜವಾದ ಅಜ್ಜನ ಹೆಸರು ಏನೆಂದು ನನಗೆ ತಿಳಿಯಲಿಲ್ಲ. ಅಜ್ಜಿಗಾದರೂ ಅದು ನೆನಪಿತ್ತೇ ಎಂಬುದೂ ತಿಳಿಯದು.