ಒಂಬತ್ತು-ಮೂರರ ಒದೆ

ಠಪ್!

ಎಂಗೆಲ್‌ಬೆರ್ಟನ ಬಟ್ಟಲಿನ ಕಾಫಿ ಹಾರಿ ತಟ್ಟೆಗೆ ಬಿತ್ತು.

ಠಪ್!

ತಟ್ಟೆಯ ಕಾಫಿ ಹಾರಿ ಬಿಳಿಯ ಅಂಗಿಗೆ ಬಿತ್ತು. ಆದದ್ದೇನೂ ಇಲ್ಲ. ಅಡುಗೆಮನೆಯಲ್ಲಿ ಹೆಂಡತಿ ಬುರ್ಗಿ ಮಾಂಸದ ತುಂಡನ್ನು ಮರದ ಕೊಡತಿಯಿಂದ ಬಡಿದು ತೆಳ್ಳಗೆ ಮಾಡುತ್ತಿದ್ದಳು, ಅಷ್ಟೆ. ಕಣಿವೆಯ ಉಳಿದ ಗಂಡಸರಿಗೆ ಈ ಸದ್ದು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಎಂಗೆಲ್‌ಬೆರ್ಟ್ ಮಾತ್ರ ಕುರ್ಚಿಯಿಂದ ಒಂದು ಗೇಣು ಮೇಲೇಳುತ್ತಾನೆ.

ಆದರೂ ಆ ಶನಿವಾರ ಬೆಳಗ್ಗೆ, ಅಂಗಿಯ ಕಲೆಯ ಮೇಲೆ ಕೈಯಿಟ್ಟುಕೊಂಡು, ದಂಡಯಾತ್ರೆಗೆ ಹೊರಟ ದೊರೆಯ ಗತ್ತಿನಲ್ಲಿ ಅವನು ಘೋಷಿಸಿದ.

"ಬುರ್ಗಿ, ಕೇಳಿಲ್ಲಿ! ಇವತ್ತು ನಾನು ಒಂಬತ್ತು-ಮೂರು ಕೋವಿ ಹೊಡೀತೀನಿ!"

"ಹೊಡಿ, ಯಾರು ಬೇಡ ಅಂದರು? ಮೊದಲು ಅಂಗಿ ಬದಲಾಯ್ಸು."

ಎಂಗೆಲ್‌ಬೆರ್ಟ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಆರ್ಗನ್ನಿನ ಕೊಳವೆಯೊಳಗೆ ಇರುವೆ ಹರಿದರೂ ಸ್ವರ ಒಂದು ಕೂದಲೆಳೆ ಇಳಿಯಿತೆಂದು ಹೇಳಬಲ್ಲ ಕಿವಿ ಅವನದು. ಅಂಥ ಕಿವಿ ಹೊತ್ತುಕೊಂಡು ಅವನು ಸ್ಲೊವೇನಿಯಾ ಗಡಿಯ ಕಾರಾವಾಂಕನ್ ಬೆಟ್ಟದ ಬುಡದಲ್ಲಿ, ಗೋಡೆಗಿಂತ ಬೇಟೆಯ ಪ್ರಾಣಿಗಳ ಕೊಂಬುಗಳೇ ಹೆಚ್ಚಿರುವ ಮನೆಗೆ ಅಳಿಯನಾಗಿ ಬಂದಿದ್ದ. ಪ್ರೀತಿ ಕುರುಡು ಎನ್ನುತ್ತಾರೆ. ಕಿವುಡು ಕೂಡ ಆಗಿದ್ದರೆ ಎಷ್ಟು ಅನುಕೂಲವಿತ್ತು!

ಮಾವ ವಾಲೆಂಟಿನ್ ಒಗ್ರಿಸ್ ಪ್ರತಿ ಶರತ್ಕಾಲವೂ ಬೆಟ್ಟದ ತುದಿ ಹತ್ತಿ ಒಂದೇ ಒಂದು ಗಾಮ್ಸ್ ಹೋತವನ್ನು, ಅದೂ ಒಂದೇ ಗುಂಡಿನಲ್ಲಿ, ಹೊಡೆದು ತರುತ್ತಿದ್ದ. ಗಾಮ್ಸ್ ಎಂದರೆ ಬಂಡೆಯಿಂದ ಬಂಡೆಗೆ ಜಿಗಿಯುವ ಕಾಡು ಆಡು. ಈ ವರ್ಷ ಮುದುಕನ ಮಂಡಿಗಳು ಮುಷ್ಕರ ಹೂಡಿದವು. ಆಗ ಅವನು ಅಟ್ಟದಿಂದ ಒಂದು ಅಕ್ರೋಡು ಮರದ ಹಲಗೆ ಇಳಿಸಿದ. ಬುರ್ಗಿ ಹುಟ್ಟಿದ ದಿನ ಅವನೇ ನೆಟ್ಟ ಮರ ಅದು. ಬಿರುಗಾಳಿಗೆ ಉರುಳಿದ ಮೇಲೆ ಸೀಳಿಸಿ, ವರ್ಷಗಟ್ಟಲೆ ಒಣಗಿಸಿ, ಮಗುವಿನ ಹಾಗೆ ಕಾಪಾಡಿಕೊಂಡಿದ್ದ.

"ಅಳಿಯಾ, ಇದರ ಹಿಡಿ ಹಾಕಿಸಿ ನಿನಗೊಂದು ಒಂಟಿಗುಂಡಿನ ಕೋವಿ ಮಾಡಿಸ್ತೀನಿ. ಇನ್ನು ಮೇಲೆ ಹೋತ ನಿಂದು. ಆದರೆ ಕ್ಯಾಲಿಬರ್ ನೀನೇ ಆರಿಸ್ಬೇಕು. ಹೆಂಡತೀನೂ ಕ್ಯಾಲಿಬರ್ರೂ ಬೇರೆಯವರು ಆರಿಸಿಕೊಡೋ ವಸ್ತು ಅಲ್ಲ."

ಮುದುಕನ ಕಣ್ಣು ಒದ್ದೆಯಾಗಿತ್ತು. ಎಂಗೆಲ್‌ಬೆರ್ಟನ ಕಣ್ಣೂ ಒದ್ದೆಯಾಯಿತು, ಕಾರಣ ಬೇರೆ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ.

ಕ್ಯಾಲಿಬರ್, ಅಂದರೆ ನಳಿಗೆಯ ತೂತು, ಎಷ್ಟು ಅಗಲವಿರಬೇಕು? ಆರೂವರೆ ಮಿಲಿಮೀಟರ್ ಆದರೆ ಭುಜಕ್ಕೆ ಒದೆ ಕಡಿಮೆ, ಸದ್ದು ಕಡಿಮೆ. ಏಳು ಆದರೆ ನಡುವಿನದು. ಮಾವನ ಪ್ರಾಣಪ್ರಿಯ ಒಂಬತ್ತು-ಮೂರೋ, ಎಂದರೆ ಒಂಬತ್ತು ಪಾಯಿಂಟ್ ಮೂರರದೋ, ಅದು ಕೋವಿಯಲ್ಲ, ಹಿಂಗಾಲಿನಲ್ಲಿ ಝಾಡಿಸುವ ಗೂಳಿ! ಒಮ್ಮೆ ಕೊರೆದ ತೂತನ್ನು ಮತ್ತೆ ಕಿರಿದು ಮಾಡುವ ವಿದ್ಯೆ ಭೂಮಿಯ ಮೇಲೆ ಯಾರಿಗೂ ತಿಳಿದಿಲ್ಲ. ತಪ್ಪಿದರೆ ನಳಿಗೆಯೂ ದಂಡ, ಮರವೂ ದಂಡ. ಮಾವನ ಮುಖ ನೋಡುವುದು ಹೇಗೆ?

ಮೊದಲು ಅವನು ಆರೂವರೆಯ ಪರವಾಗಿ ಒಂದು ಘನವಾದ ಉಪನ್ಯಾಸ ತಯಾರಿಸಿದ. ಗಾಳಿಯ ಓಟ, ಗುಂಡಿನ ಬಾಗು, ಬೆಟ್ಟದ ಮೌನದ ಬಗ್ಗೆ ಮನುಷ್ಯನಿಗಿರಬೇಕಾದ ಗೌರವ, ಎಲ್ಲವೂ ಅದರಲ್ಲಿದ್ದವು. ಮಾವ ಪೂರ್ತಿ ಕೇಳಿದ.

"ಆರೂವರೆನಾ? ಅದೇನು ಕೋವಿನೋ, ಕೊಳಲೋ? ಹೋತದ ಕಿವೀಲಿ ಊದ್ತೀಯಾ?"

ಅಷ್ಟು ಸಾಕಾಯಿತು. "ನಾನು ಬರೀ ಪರೀಕ್ಷೆ ಮಾಡ್ದೆ ಮಾವ! ನನ್ನ ಮನಸ್ಸಿರೋದು ಒಂಬತ್ತು-ಮೂರರ ಮೇಲೇನೇ!" ಎಂದುಬಿಟ್ಟ. ಅಂದಮೇಲೆ ಅದು ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೋವಿ ಮಾಡುವ ಹೆಮ್ಮಾ, ಮೂರು ತಲೆಮಾರಿನಿಂದ ಬಂದ ಅರ ಹಿಡಿದ ಹೆಂಗಸು, ಖಡಾಖಂಡಿತವಾಗಿ ಹೇಳಿದ್ದಳು: "ಸೋಮವಾರ ನಳಿಗೆ ಕೊರೀತೀನಿ. ಶನಿವಾರ ಮರದ ಮಿಲ್ಲಿನ ಹಿಂದೆ ಬಂದು ಮಾವನ ಕೋವೀಲಿ ಒಂದು ಗುಂಡು ಹೊಡೆದು ತೋರಿಸಿ. ಭುಜ ಒಪ್ಪಿದರೆ ಅದೇ ಅಳತೆ."

ಹೀಗಾಗಿ ಎಂಗೆಲ್‌ಬೆರ್ಟ್ ಉಗ್ರಾಣದಲ್ಲಿ ತಪಸ್ಸಿಗೆ ಕೂತ. ಮಾವನ ಹಳೆಯ ಹಿತ್ತಾಳೆಯ ಹುಸಿ ತೋಟೆಯೊಂದು ಸಿಕ್ಕಿತ್ತು. ಆಕಾರದಲ್ಲಿ ಥೇಟ್ ಒಂಬತ್ತು-ಮೂರು, ಒಳಗೆ ಮದ್ದಿಲ್ಲ. ಅದನ್ನು ಕೋವಿಗೆ ತುಂಬಿ, ಬೀಟ್‌ರೂಟ್ ಉಪ್ಪಿನಕಾಯಿಯ ಭರಣಿಗೆ ಗುರಿಯಿಟ್ಟು, ಕಣ್ಣು ಮುಚ್ಚದೆ ಟ್ರಿಗರ್ ಎಳೆಯುವ ಅಭ್ಯಾಸ. ಜೇಬಿಗೆ ಕೈ, ತೋಟೆ, ಕೋವಿ, ಟಿಕ್. ಆ ಟಿಕ್ಕಿಗೂ ಅವನ ಕಣ್ಣು ಮುಚ್ಚುತ್ತಿತ್ತು.

ಬುರ್ಗಿ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳು. "ಬೆರ್ಟಿ, ಆ ಭರಣಿ ಏನು ಮಾಡಿತ್ತು ನಿನಗೆ?"

"ಶ್! ಏಕಾಗ್ರತೆ!"

"ಅಪ್ಪನಿಗೆ ನಿಜ ಹೇಳಬಾರದಾ?"

"ಯಾವ ನಿಜ? ನಿಜ ಅಂತ ಒಂದಿದ್ದರೆ ತಾನೇ ಹೇಳೋಕೆ!"

ಅವಳು ನಿಟ್ಟುಸಿರಿಟ್ಟು ಹೋದಳು. ಬೇಟೆಯ ಪರವಾನಗಿ ಪರೀಕ್ಷೆಗೆ ಗಂಡನಿಂದ ಪಾಠ ಒಪ್ಪಿಸಿಕೊಂಡವಳು ಅವಳೇ. ಓದಿದ್ದು ದಂಡವಾಗಬಾರದೆಂದು ತಾನೂ ಬರೆದು, ಗುರಿ ಹೊಡೆದು, ಗಂಡನಿಗಿಂತ ಮೊದಲೇ ಪಾಸಾಗಿದ್ದಳು. "ಒಳ್ಳೇದಾಯ್ತು, ಅಡುಗೆಗೆ ಉಪಯೋಗಕ್ಕೆ ಬರುತ್ತೆ" ಎಂದಿದ್ದ ಮುದುಕ.

ಶನಿವಾರ ಮಧ್ಯಾಹ್ನ ನಾಲ್ವರೂ ಮಿಲ್ಲಿನ ಹಿಂದೆ ಸೇರಿದರು. ಎದುರಿಗೆ ಮರಳಿನ ದಿಬ್ಬ, ಅದರ ಮುಂದೆ ಕಪ್ಪು ವೃತ್ತದ ಹಲಗೆ. ಮುನ್ನೆಚ್ಚರಿಕೆಗೆಂದು ಎಂಗೆಲ್‌ಬೆರ್ಟ್ ಚರ್ಚಿನ ಮೇಣದಬತ್ತಿಯ ಮೇಣವನ್ನು ಹದವಾಗಿ ಉಂಡೆ ಕಟ್ಟಿ ಎರಡೂ ಕಿವಿಗೆ ಒತ್ತಿಕೊಂಡಿದ್ದ. ಮೇಲೆ ಬೆಣ್ಣೆಯಷ್ಟು ಮೆತ್ತನೆಯ ದಪ್ಪ ಕಿವಿಮುಚ್ಚುಗ. ಅದರ ಮೇಲೆ ಟೋಪಿ. ಈಗ ಅವನಿಗೆ ಪ್ರಳಯವಾದರೂ ಸುದ್ದಿ ತಿಳಿಯುವುದು ಮರುದಿನವೇ.

ಮಾವ ಗಂಭೀರವಾಗಿ ಮುಂದೆ ಬಂದು ಅಂಗೈಯ ಮೇಲೆ ಒಂದೇ ಒಂದು ತೋಟೆ ಇಟ್ಟು ಏನೋ ಹೇಳಿದ. ಒಂಟಿ ಕೋವಿಗೆ ಒಂಟಿ ತೋಟೆ ಎಂದೋ, ಒಗ್ರಿಸ್ ಮನೆತನದ ಮಾನ ಎಂದೋ ಇರಬೇಕು. ಎಂಗೆಲ್‌ಬೆರ್ಟ್ ಕೇಳಿಸಿದವನಂತೆ ತಲೆಯಾಡಿಸಿ, ತೋಟೆಯನ್ನು ಭಕ್ತಿಯಿಂದ ಕೋಟಿನ ಜೇಬಿಗಿಳಿಸಿದ.

ಬೆಂಚಿನ ಮುಂದೆ ಕೂತ. ಮರಳಿನ ಚೀಲದ ಮೇಲೆ ಕೋವಿ ಒರಗಿಸಿದ. ಬೆರಳಿಗೆ ಅಭ್ಯಾಸವಾಗಿದ್ದ ದಾರಿ: ಜೇಬಿಗೆ ಕೈ, ತೋಟೆ, ಕೋವಿ. ಉಸಿರು ಹಿಡಿದ. ಎಲ್ಲ ಸಂತರನ್ನೂ ಹೆಸರು ಹಿಡಿದು ಕರೆದ. ಟ್ರಿಗರ್ ಎಳೆದ.

ಅಯ್ಯಯ್ಯೋ! ಎಂಥ ಒದೆ ಅದು! ಭುಜ ಕಿತ್ತು ಬೆನ್ನ ಹಿಂದೆ ಹೋದಂತಾಯಿತು. ಎಂಗೆಲ್‌ಬೆರ್ಟ್ ಸ್ಟೂಲಿನ ಸಮೇತ ಹಿಂದಕ್ಕೆ ಉರುಳಿ, ಕಾಲು ಆಕಾಶಕ್ಕೆ ಮಾಡಿ, ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದ. ಬಿದ್ದವನೇ ಎದ್ದ. ಬದುಕಿದ್ದ! ಕೈಕಾಲು ಎಲ್ಲ ಇದ್ದಲ್ಲೇ ಇದ್ದವು! ಜೀವಮಾನದಲ್ಲಿ ಅಂಥ ಸಂತೋಷ ಅವನಿಗಾಗಿರಲಿಲ್ಲ.

"ಬಿತ್ತಾ? ಗುರಿಗೆ ಬಿತ್ತಾ?" ಎಂದು ಕಿರುಚಿದ. ಕಿವಿಗೆ ಮೇಣ ತುಂಬಿದವನ ಗಂಟಲು ಅದು. ಮಿಲ್ಲಿನ ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು.

ಮೂವರೂ ಕಂಬದಂತೆ ನಿಂತಿದ್ದರು. ಹೆಮ್ಮಾ ಒಂದು ಕೈ ಮೇಲೆತ್ತಿ ಉಳಿದವರನ್ನು ತಡೆಹಿಡಿದಿದ್ದಳು. ಅವರೆಲ್ಲ ಮೆಚ್ಚುಗೆಯಿಂದ ಮೂಕರಾಗಿದ್ದಾರೆಂದು ಎಂಗೆಲ್‌ಬೆರ್ಟ್ ತಿಳಿದ. ಬಲಭುಜವನ್ನು ಉಜ್ಜಿಕೊಳ್ಳುತ್ತ ಶುರುಮಾಡಿದ.

"ಒದೆ ಸ್ವಲ್ಪ ಜೋರೇ ಅನ್ನಿ! ಆದರೆ ಗಂಡಸಾದವನು ತಡ್ಕೋಬಹುದು! ಸದ್ದು ಮಾತ್ರ, ಮಾವ, ಬೆಟ್ಟ ಬಿರಿದ ಹಾಗಿತ್ತು! ಆ ಕಡೆ ಸ್ಲೊವೇನಿಯಾದವರೂ ಬೆಚ್ಚಿಬಿದ್ದಿರಬೇಕು! ಹೆಮ್ಮಾ, ಬರ್ಕೊಳ್ಳಿ! ಒಂಬತ್ತು-ಮೂರು!"

ಹೆಮ್ಮಾ ಕೈ ಇಳಿಸಿದಳು. ಬುರ್ಗಿ ಬಂದು ಗಂಡನ ಕಿವಿಮುಚ್ಚುಗ ತೆಗೆದಳು. ಉಗುರಿನಿಂದ ಮೇಣದ ಒಂದು ಉಂಡೆ ಕಿತ್ತಳು.

"ಬೆರ್ಟಿ, ಗುಂಡು ಹಾರೇ ಇಲ್ಲ."

"ಹಾರಿಲ್ವಾ? ಮತ್ತೆ ಹಾರಿದ್ದೇನು?"

"ನೀನು."

ಕೋವಿ ಮರಳಿನ ಚೀಲದ ಮೇಲೆ, ಅವನು ಇಟ್ಟಲ್ಲೇ, ಹಸುಳೆಯಂತೆ ಮಲಗಿತ್ತು. ತಡವಾಗಿ ಸಿಡಿದೀತೆಂದು ಹೆಮ್ಮಾ ಅಷ್ಟು ಹೊತ್ತು ಎಲ್ಲರನ್ನೂ ತಡೆದಿದ್ದಳು. ಈಗ ಬುರ್ಗಿ ಕೋವಿಯ ಕೀಲು ಬಿಚ್ಚಿ ನಳಿಗೆ ಬಗ್ಗಿಸಿದಳು. ಒಳಗಿಂದ ಜಾರಿ ಬಂದದ್ದು, ಜೇಬಿನಲ್ಲೇ ಉಳಿದಿದ್ದ ಉಗ್ರಾಣದ ಹಿತ್ತಾಳೆ ತೋಟೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನಾವು ಕೇಳಿದ್ದೇವೆ. ಸಿಡಿಯದ ಕೋವಿಗೆ ಹೆಗಲು ಉಜ್ಜಿಕೊಂಡವನು ಇವನೊಬ್ಬನೇ ಇರಬೇಕು! ಅವನ ಕೈ ಇನ್ನೂ ಭುಜದ ಮೇಲೇ ಇತ್ತು.

ಮಾವ ತೋಟೆಯನ್ನು ಬೆರಳಲ್ಲಿ ಹೊರಳಿಸಿ ನೋಡಿದ. "ಇದು ನನ್ನ ಹಿತ್ತಾಳೆ ತೋಟೆ. ಒದೆಯೋಕೆ ಇದಕ್ಕೆ ಕಾಲೇ ಇಲ್ಲವಲ್ಲೋ!"

"ಹಾಗಾದರೆ ಇವರಿಗೆ ಯಾವ ಅಳತೆ ಕೊರೀಲಿ?" ಎಂದಳು ಹೆಮ್ಮಾ. "ತೂತೇ ಇಲ್ಲದ ನಳಿಗೆ ಕೊಡಲಾ? ಅದೂ ಒದೆಯುತ್ತೇನೋ!"

ಯಾರೂ ನಗಲಿಲ್ಲ, ಮುಖ್ಯವಾಗಿ ಮುದುಕ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವನು ಬೆಂಚಿಗೆ ಕೈಯೂರಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತ. ಎಂಗೆಲ್‌ಬೆರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಮಾವ, ನಂಗೆ ಬೆಟ್ಟ ಇಷ್ಟ. ಮುಂಜಾನೆ ಮಂಜಲ್ಲಿ ಹತ್ತೋದು, ಬಂಡೆ ಮೇಲೆ ನಿಮ್ಮ ಜೊತೆ ಕೂತು ರೊಟ್ಟಿ, ಹಂದಿಕೊಬ್ಬು ತಿನ್ನೋದು, ನೀವು ಮಾತೇ ಆಡದೆ ಇರೋದು, ಎಲ್ಲ ಇಷ್ಟ. ಆ ಒಂದು ಕ್ಷಣ ಮಾತ್ರ ನನ್ನ ಕೈಲಾಗಲ್ಲ."

"ಆ ಒಂದು ಕ್ಷಣಕ್ಕೆ ಅಲ್ವೇನೋ ಉಳಿದದ್ದೆಲ್ಲ?"

"ನಂಗೆ ಉಳಿದದ್ದೇ ಸಾಕು, ಮಾವ."

ಅಷ್ಟರಲ್ಲಿ ಬುರ್ಗಿ ಗಂಡನ ಜೇಬಿಗೆ ಕೈಹಾಕಿ ನಿಜವಾದ ತೋಟೆ ತೆಗೆದುಕೊಂಡಳು. ಕಿವಿಮುಚ್ಚುಗ ತಾನು ಹಾಕಿಕೊಂಡಳು. ಉರುಳಿದ್ದ ಸ್ಟೂಲ್ ನೆಟ್ಟಗೆ ಮಾಡಿ ಕೂತಳು. ಎಂಗೆಲ್‌ಬೆರ್ಟ್ ಎರಡೂ ಕಿವಿಗೆ ಬೆರಳಿಟ್ಟ. ಢಂ! ಬೆಟ್ಟ ಆ ಸದ್ದನ್ನು ಎತ್ತಿ ಕಣಿವೆಯುದ್ದಕ್ಕೂ ಹಂಚಿತು. ಹಲಗೆಯ ಕಪ್ಪು ವೃತ್ತದ ಅಂಚಿನಲ್ಲಿ ಒಂದು ತೂತು. ಬುರ್ಗಿ ಕೂತಲ್ಲೇ ಇದ್ದಳು.

ಮುದುಕ ಕೂತಲ್ಲಿಂದಲೇ ಕತ್ತು ಚಾಚಿ ಆ ತೂತನ್ನು ನೋಡಿದ.

"ಮಾವ, ಆ ಅಕ್ರೋಡು ಮರ ಯಾರು ಹುಟ್ಟಿದಾಗ ನೆಟ್ಟಿದ್ದು?" ಎಂದು ಎಂಗೆಲ್‌ಬೆರ್ಟ್ ಸಣ್ಣ ದನಿಯಲ್ಲಿ ಕೇಳಿದ.

"ಗೊತ್ತು, ಗೊತ್ತು. ನೆಟ್ಟವನು ನಾನೇ." ಮುದುಕ ಮಗಳ ಕಡೆ ತಿರುಗಿದ. "ನಿಂಗೆ ಬೆಟ್ಟ ಹತ್ತೋ ಮನಸ್ಸಿದೆ ಅಂತ ಒಂದು ದಿನಾನಾದರೂ ಹೇಳಿದ್ಯೇನೇ?"

"ನೀನು ಒಂದು ದಿನಾನಾದರೂ ಕೇಳಿದ್ಯಾ ಅಪ್ಪಾ?"

ಹೆಮ್ಮಾ ಆಗಲೇ ಅಳತೆಪಟ್ಟಿ ಬಿಚ್ಚಿ ಬುರ್ಗಿಯ ತೋಳಿನ ಉದ್ದ ಹಿಡಿಯುತ್ತಿದ್ದಳು. "ಸೋಮವಾರ ಏನು ಕೊರೀಲಿ? ಒಂಬತ್ತು-ಮೂರು ತಾನೇ?"

"ಆರೂವರೆ."

"ಆರೂವರೆ!" ಮುದುಕನಿಗೆ ಮಂಡಿನೋವು ಮರೆತೇಹೋಯಿತು, ಎದ್ದು ನಿಂತ. "ಈಗ ತಾನೇ ಹುಲಿ ಹಾಗೆ ಹೊಡೆದ್ಯಲ್ಲೇ!"

"ಹೊಡೀಬಲ್ಲೆ. ಆದರೆ ಅದು ತಗುಲಿದರೆ ಹೋತದ ಭುಜದ ಮಾಂಸ ಕೀಮಾ ಆಗಿರುತ್ತೆ. ಇಷ್ಟು ವರ್ಷ ನೀನು ತಂದದ್ದನ್ನ ಬೇಯಿಸಿದವಳು ನಾನು, ನಂಗೆ ಗೊತ್ತಿಲ್ವಾ? ಬಡಿಯೋಕೆ ಮನೇಲಿ ಕೊಡತಿ ಇದೆ. ಆ ಕೆಲಸ ಕೋವಿ ಮಾಡೋದು ಬೇಡ."

ಮುದುಕ ದಿಕ್ಕು ಕಾಣದೆ ಅಳಿಯನ ಕಡೆ ತಿರುಗಿದ. "ನೀನಾದರೂ ಹೇಳೋ! ಹೋಗಲಿ, ಹೋತ ಹೊತ್ಕೊಂಡು ಇಳಿಸೋಕಾದರೂ ನೀನು ಆಗ್ತೀಯೋ, ಇಲ್ವೋ?"

"ಧಾರಾಳವಾಗಿ, ಮಾವ. ಸತ್ತ ಹೋತ ಸದ್ದು ಮಾಡಲ್ಲ."

"ಅದನ್ನೇ ನಾನೂ ಹೇಳೋದು! ಸಾಯಬೇಕಲ್ಲ? ಆರೂವರೆ ಕಚಗುಳಿ ಇಡುತ್ತೆ ಅಷ್ಟೆ. ಕೇಳು, ಒಂದ್ಸಲ ನಾನೂ ಹೀಗೇ ಮೇಲಿನ ಬಂಡೆ ಹತ್ರ, ಮಂಜು ಮುಸುಕಿದೆ, ಎದುರಿಗೆ ಹೋತ, ಕೈಲಿ ಒಂಬತ್ತು-ಮೂರು..."

ಬುರ್ಗಿ ಹೆಮ್ಮಾಳಿಂದ ಎರಡನೆಯ ತೋಟೆ ಇಸಿದುಕೊಂಡು, ತುಂಬಿ, ನಳಿಗೆ ಮುಚ್ಚಿದ ಸದ್ದು ಕೇಳಿಸಿತು. ಎಂಗೆಲ್‌ಬೆರ್ಟ್ ಮಾವನಿಗೆ ವಿನಯದಿಂದ ತಲೆಬಾಗಿದ. ನೆಲಕ್ಕೆ ಬಿದ್ದಿದ್ದ ಮೇಣದ ಉಂಡೆಯನ್ನು ಹೆಕ್ಕಿ, ಹೊಟ್ಟು ಒರೆಸಿ, ಕಿವಿಗೆ ಒತ್ತಿಕೊಂಡ. ಮುದುಕನ ಬಾಯಿ ಇನ್ನೂ ಆಡುತ್ತಲೇ ಇತ್ತು, ಕೈಗಳು ಗಾಳಿಯಲ್ಲಿ ಬಂಡೆಯನ್ನೂ ಹೋತವನ್ನೂ ಬಿಡಿಸುತ್ತಿದ್ದವು. ಎಂಗೆಲ್‌ಬೆರ್ಟ್ ಟೋಪಿ ಹಾಕಿಕೊಂಡು, ಚರ್ಚಿನ ದಾರಿ ಹಿಡಿದು, ಬೇಗ ಬೇಗ ಹೆಜ್ಜೆ ಹಾಕಿದ.