ಸಾಲೋಮನನ ಸೋಲಾರ್ ನಿದ್ದೆ

ಸಾಲೋಮನ ಮನೆಯ ಮೇಲೆ ಸೋಲಾರ್ ಹಾಕಿಸಿದ್ದು ಬೆಳಕಿಗಲ್ಲ, ನಿದ್ದೆಗೆ.

ಭಾಲ್ಕಿಯ ಸರ್ಕಾರಿ ಆಸ್ಪತ್ರೆಯಲ್ಲಿ ಅವನು ನರ್ಸು. ಓಣಿಯವರ ಬಾಯಲ್ಲಿ 'ಬ್ರದರ್'. ಆ ತಿಂಗಳು ಅವನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಅಡ್ಡಾದರೆ, ಬಿಸಿಲೇರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಫ್ಯಾನು ನಿಂತ ಮೇಲೆ ಆ ಕೋಣೆಯಲ್ಲಿ ಅವನು ಹಂಚಿನ ಮೇಲಿನ ರೊಟ್ಟಿಯಂತೆ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲಿಗೆ ಹೊರಳುತ್ತಿದ್ದ. ಹಿಂದಿನ ವಾರ ಒಬ್ಬ ರೋಗಿಯ ಬಿಪಿ ನೋಡುತ್ತ ನೋಡುತ್ತಲೇ ಅವನ ಕಣ್ಣು ಮುಚ್ಚಿಹೋಯಿತು. ಪಾಪ, ಆ ರೋಗಿಯೇ ಎದ್ದು, ತೋಳಿಗೆ ಕಟ್ಟಿದ್ದ ಪಟ್ಟಿಯ ಸಮೇತ ನಡೆದುಹೋಗಿ ಹೆಡ್ ನರ್ಸ್ ಪ್ರಿಸಿಲ್ಲಾ ಮೇಡಮ್ಮನ್ನು ಕರೆತಂದ.

"ಸಾಲೋಮನ, ನಿಮ್ಮ ನಿದ್ದಿ ಸುದ್ದಿ ಇನ್ನೊಂದು ಸಾರಿ ನನ್ನ ಕಿವಿಗಿ ಬಿದ್ರ, ಮ್ಯಾಲ ಬರದು ಔರಾದಿಗಿ ವರ್ಗಾ ಮಾಡಸ್ತೇನಿ ನೋಡ್ರಿ" ಎಂದಿದ್ದರು ಮೇಡಮ್.

ಅದಕ್ಕೇ ಈ ಸೋಲಾರ್. ಹೆಂಡತಿ ಗ್ರೇಸ ಚರ್ಚಿನ ಮಹಿಳಾ ಕೂಟಕ್ಕೆಂದು ಬೀದರಿಗೆ ಹೋದ ದಿನವೇ ಕಮಲನಗರದ ಮೆಕ್ಯಾನಿಕ್ ಶಿವಕಾಂತ ಪ್ಯಾನಲ್ಲುಗಳನ್ನು ಹೇರಿಕೊಂಡು ಬಂದ. ಅವನ ಬೆನ್ನಿಗೇ ಎದುರು ಮನೆಯ ನಂದಕುಮಾರ ಕಾಕಾ ಬಂದರು. ಅವರು ನಿವೃತ್ತ ಬಸ್ ಕಂಡಕ್ಟರ್. ಓಣಿಯಲ್ಲಿ ಯಾರ ಮನೆಯ ಮುಂದೆ ಏನು ಇಳಿದರೂ ಟಿಕೆಟ್ ಕೇಳಲು ಬಂದವರಂತೆ ಹಾಜರಾಗುತ್ತಿದ್ದರು.

"ಏ ತಮ್ಮಾ, ದಕ್ಷಿಣಕ್ಕ ಮುಖಾ ಮಾಡಿ ಕೂಡಸ್ಲತ್ತಿಯಲ್ಲ, ಸೂರ್ಯ ಹುಟ್ಟೋದು ಯಾ ಕಡಿ?" ಎಂದು ಮಾಳಿಗೆ ಏರಿ ಶಿವಕಾಂತನನ್ನು ಕೇಳಿದರು.

"ಪೂರ್ವಕ್ಕರಿ ಕಾಕಾ. ಆದ್ರ ದಿನಾ ಪೂರಾ ಬಿಸಲು ಸಿಗೋದು ಹಿಂಗ ಕೂಡಿಸಿದ್ರನೇ."

"ನೌಕರಿ ಪೂರಾ ಬಸ್ಸಿನಾಗ ನಿಂತು ಬಂದಾಂವ ನಾ. ಯಾ ಕಿಡಕಿಗಿ ಬಿಸಲು ಬರ್ತದ ನನಗ ಹೇಳಿ ಕೊಡ್ತಿ?"

ಅಷ್ಟರಲ್ಲಿ ಪಕ್ಕದ ಮನೆಯ ಕುಲಸುಮಬೀ ಒಣಹಾಕಲೆಂದು ತಲೆಯ ಮೇಲೆ ಹಸಿ ಶಾವಿಗೆಯ ಪರಾತ ಹೊತ್ತು ಮೆಟ್ಟಿಲೇರಿ ಬಂದರು. ಪ್ಯಾನಲ್ಲುಗಳನ್ನು ನೋಡಿ ಅವರ ಮುಖ ಬಾಡಿತು.

"ಭಯ್ಯಾ, ನಮ್ಮ ಮಾಳಗಿ ಮ್ಯಾಲ ಗಿಡದ ನೆಳ್ಳು. ನಿಮ್ಮ ಮಾಳಗಿ ನಂಬಕೊಂಡೇ ಶಾವಿಗಿ ಮಾಡ್ತೀವಿ. ಈಗ ಬಿಸಲೆಲ್ಲಾ ನೀವೊಬ್ಬರೇ ತಗೊಂಡ್ರ ನಾವು ಎಲ್ಲಿಗಿ ಹೋಗಬೇಕ್ರಿ?"

ರಾತ್ರಿಯೆಲ್ಲ ಎಚ್ಚರವಿದ್ದು ಬಂದಿದ್ದ ಸಾಲೋಮನನಿಗೆ ಯಾರಾದರೂ ಏನಾದರೂ ಮಾಡಿ ಮುಗಿಸಿದರೆ ಸಾಕಾಗಿತ್ತು. "ಶಿವಕಾಂತ, ಅವರಿಗೂ ಅಡಚಣಿ ಆಗದಾಂಗ ಏನರ ಮಾಡಪ್ಪಾ" ಎಂದ. ಶಿವಕಾಂತ ತಲೆ ಕೆರೆದುಕೊಂಡು, ಕಂಬಗಳನ್ನು ಆಳೆತ್ತರಕ್ಕೆ ಏರಿಸಿದರೆ ಮುಂಜಾನೆಯ ಓರೆ ಬಿಸಿಲು ಕೆಳಗೂ ಬೀಳುತ್ತದೆ ಎಂದ. ಕುಲಸುಮಬೀ ಒಪ್ಪಿದರು. ನಂದಕುಮಾರ ಕಾಕಾ ತಮ್ಮದೇ ಐಡಿಯಾ ಎಂಬಂತೆ ಒಪ್ಪಿದರು. ಡ್ರಿಲ್ಲಿಂಗ್ ಯಂತ್ರ ಸಾಲೋಮನನ ತಲೆಬುರುಡೆಗೇ ತೂತು ಹೊಡೆಯುವಂತೆ ಮಧ್ಯಾಹ್ನದವರೆಗೆ ಗುರುಗುಟ್ಟಿತು. ಇದೊಂದು ದಿನ ತಾನೇ ಎಂದು ಅವನು ಹಲ್ಲು ಕಚ್ಚಿ ಕೂತ.

ಕೊನೆಗೂ ಫ್ಯಾನು ಸೋಲಾರ್ ಕರೆಂಟಿನಿಂದ ತಿರುಗಿತು. ಸಾಲೋಮನನ ಎದೆಯೂ ಉಬ್ಬಿತು.

"ಇನ್ನ ಮ್ಯಾಲ ಓಣಿ ಪೂರಾ ಲೈಟ್ ಹೋದ್ರೂ ನಮ್ಮ ಮನ್ಯಾಗ ಹೋಗಂಗಿಲ್ಲ ನೋಡ್ರಿ!"

ಈ ಮಾತು ಕೇಳಿ ಕಾಕಾ ಓಣಿಯವರನ್ನೆಲ್ಲ ಕೂಗಿ ಕರೆದರು. ನೆರೆಹೊರೆಯವರು ಪಡಸಾಲೆಯಲ್ಲಿ ತುಂಬಿಕೊಂಡು, ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಕರೆಂಟು ಹೋಗಲೆಂದು ಕಾದರು. ಅವರನ್ನು ಕರೆಂಟು ಬಹಳ ಹೊತ್ತು ಕಾಯಿಸಲಿಲ್ಲ. ಹೋಯಿತು. ಸಾಲೋಮನನ ಫ್ಯಾನು ಎರಡು ಸುತ್ತು ಹಾಕಿ, ಮೂರನೆಯದಕ್ಕೆ ನಾಚಿಕೊಂಡಂತೆ ನಿಂತುಬಿಟ್ಟಿತು.

"ಇದೂ ಹೋಯ್ತಲ್ಲ!" ಎಂದರು ಕಾಕಾ, ಸಂತೋಷವನ್ನು ಅಡಗಿಸಿಕೊಳ್ಳಲಾಗದೆ.

"ಹೋಗಬೇಕ್ರಿ" ಎಂದ ಶಿವಕಾಂತ ತಣ್ಣಗೆ. "ಲೈನಿನಾಗ ಕರೆಂಟ್ ಇಲ್ಲಂದ್ರ ಇದು ತಾನೇ ಬಂದ್ ಆಗ್ತದ. ಇಲ್ಲಾಂದ್ರ ಇಲ್ಲಿಂದು ಹೊರಗಿನ ತಂತಿಗಿ ಹರದು, ಕಂಬಾ ಏರಿದ ಲೈನ್‌ಮನ್‌ಗ ಹೊಡೀತದ್ರಿ. ಬ್ಯಾಟ್ರಿ ಇದ್ದದ್ದು ಬ್ಯಾರೆ ಬರ್ತದ, ಅದು ಬಂದ್ ಆಗಂಗಿಲ್ಲ. ಬ್ಯಾಟ್ರಿ ಬಿಡಮ್ಮೇನು ಅಂತ ಕೇಳಿದ್ರ ನೀವೇ ಹೂಂ ಅಂದ್ರಿ."

"ನಾ ಯಾವಾಗ ಅಂದೆನೋ?"

"ಮೊನ್ನಿ ಮುಂಜಾನಿ, ಡ್ಯೂಟಿ ಮುಗಿಸಿ ಬಂದು ಕುರ್ಚಿ ಮ್ಯಾಲ ಕುಂತಿದ್ರಲ್ಲ. ನಾ ಕೇಳಿದ್ದಕ್ಕೆಲ್ಲಾ ಕಣ್ಣ ಮುಚ್ಚಿ ಹೂಂ, ಹೂಂ ಅಂದ್ರಿ."

ಸಾಲೋಮನ ಬಾಯಿ ತೆರೆದ, ಆಕಳಿಕೆ ಬಂತು.

ನಕ್ಕು ಮುಗಿಸಿದ ಮೇಲೆ ನೆರೆಯವರು ಮನೆಗೆ ಹೋಗಬೇಕಿತ್ತು. ಆದರೆ ಪ್ಯಾನಲ್ಲುಗಳನ್ನಾದರೂ ನೋಡೋಣವೆಂದು ಮಾಳಿಗೆ ಏರಿದವರು ಕೆಳಗೆ ಇಳಿಯಲೇ ಇಲ್ಲ. ಆಳೆತ್ತರದ ಚಪ್ಪರ, ಕೆಳಗೆ ದಟ್ಟ ನೆರಳು, ನಾಲ್ಕೂ ಕಡೆಯಿಂದ ಗಾಳಿ. ಸ್ವಲ್ಪ ಹೊತ್ತಿನಲ್ಲಿ ಚಾಪೆ ಬಂತು, ನೀರಿನ ಕೊಡ ಬಂತು, ಚಹಾದ ಕಿಟ್ಲಿ ಬಂತು. "ಮುಂದ ಸರೀರಿ, ಮುಂದ ಸರೀರಿ, ಒಳಗ ಜಾಗಾ ಅದ" ಎಂದು ಕಾಕಾ ಜನರನ್ನು ಕೂರಿಸತೊಡಗಿದರು.

ಎಲ್ಲರನ್ನೂ ಓಡಿಸಬೇಕೆಂದೇ ಸಾಲೋಮನ ಮೇಲೆ ಬಂದ. ಬೈಯಲು ಮಾತು ಹುಡುಕುತ್ತ ಚಾಪೆಯ ಅಂಚಿಗೆ ಕೂತ. ತಂಪು ಗಾಳಿ ಬೆವರಿಗೆ ತಾಗಿತು. ಕುಲಸುಮಬೀ ಒಂದು ದಿಂಬು ಸರಿಸಿದರು. ಬೈಗುಳದ ಮೊದಲ ಅಕ್ಷರವೂ ಹೊರಡುವ ಮೊದಲೇ ಅವನು ದಿಂಬಿನ ಮೇಲಿದ್ದ.

ಎಷ್ಟೋ ದಿನಗಳ ನಿದ್ದೆ ಒಮ್ಮೆಗೇ ಬಂದು ಅವನನ್ನು ಹೊತ್ತುಕೊಂಡು ಹೋಯಿತು.

ಕಣ್ಣು ಬಿಟ್ಟಾಗ ಮೈ ಹೂವಿನಂತೆ ಹಗುರವಾಗಿತ್ತು. ಮನೆಗಳ ಹಿಂದೆ ಸೂರ್ಯ ಕೆಂಪಗೆ ನಿಂತಿದ್ದ. ಮುಳುಗಲಿಕ್ಕಾಗಿದೆ, ಸ್ನಾನ ಮಾಡಿ ಡ್ಯೂಟಿಗೆ ಹೊರಟರೆ ಸರಿಹೋಗುತ್ತದೆ ಎಂದುಕೊಂಡು ಸಾಲೋಮನ ಹಾಯಾಗಿ ಮೈ ಮುರಿದ. ಇನ್ನೊಮ್ಮೆ ನೋಡಿದ. ಸೂರ್ಯ ಮುಳುಗುವುದು ಬಿಟ್ಟು ಮೇಲಕ್ಕೆ ಏರುತ್ತಿದ್ದ.

"ಎದ್ರೇನ್ರಿ ಬ್ರದರ್?" ಪಕ್ಕದಲ್ಲಿ ನಂದಕುಮಾರ ಕಾಕಾ ಚಹಾ ಹಿಡಿದು ಕೂತಿದ್ದರು. "ನಿದ್ದಿಗಿ ಎಷ್ಟು ಹಲಬತಿದ್ರಿ, ಪಾಪ! ಯಾರೂ ಪಿಟ್ ಅನ್ನಬಾರದು ಅಂತ ಎಲ್ಲಾರಿಗೂ ತಾಕೀತು ಮಾಡಿದ್ದೆ. ಕುಲಸುಮಬೀ ಸೊಳ್ಳಿಪರದಾ ಕಟ್ಯಾರ ನೋಡ್ರಿ, ಕಂಬಕ್ಕ."

"ಕಾಕಾ... ನನ್ನ ಡ್ಯೂಟಿ?"

"ಯಾರೋ ಪ್ರಿಸಿಲ್ಲಾ ಮೇಡಮ್ ಅಂತ, ಫೋನಿನ ಮ್ಯಾಲ ಫೋನ್ ಮಾಡ್ಲತ್ತಿದ್ರು. ನಿಮಗ ಎಚ್ಚರ ಆಗ್ತದಂತ ನಾನೇ ಎತ್ತಿದೆ. 'ಬ್ರದರ್ ಮಲಗ್ಯಾರ್ರಿ, ಯಾರು ಬಂದ್ರೂ ನಾ ಎಬ್ಬಸಾಂವಲ್ಲ' ಅಂತ ಖಡಕ್ ಹೇಳಿದೆ."

ಸಾಲೋಮನ ಸೊಳ್ಳೆಪರದೆ ಸರಿಸಿ ದಡಬಡಿಸಿ ಎದ್ದು ಕೂತ. "ಅವರೇನಂದ್ರು?"

"ಭಾಳ ಛಲೊ ಮಂದಿ ಅದಾರ. 'ಮಲಗಲಿ, ಆರಾಮ ಮಲಗಲಿ. ಇವತ್ತೇ ಮ್ಯಾಲ ಬರೀತೇನಿ, ಇನ್ನ ಔರಾದಿಗಿ ಹೋಗಿ ಮಲಗಲಿ' ಅಂದ್ರು." ಕಾಕಾ ಚಹಾದ ಕಪ್ಪನ್ನು ಅವನ ಕೈಗಿಟ್ಟು, ಹತ್ತಿರ ಸರಿದು ದನಿ ತಗ್ಗಿಸಿದರು. "ಅದಿರ್ಲಿ ಬ್ರದರ್, ಮನಿಮಂದಿ ಕರಕೊಂಡೇ ಹೋಗ್ತೀರಲ್ಲ? ಹೋಗುಮುಂದ ಮಾಳಗಿ ಕೀಲಿ ನನ್ನ ಬಲ್ಲಿ ಕೊಟ್ಟು ಹೋಗ್ರಿ."