ಉಪ್ಪಿನಕಾಯಿ ಭರಣಿಯಲ್ಲಿ ಬಿಳಿ ಏಡಿ

ಜಗತ್ತಿನಲ್ಲಿ ಏಡಿಯ ಉಪ್ಪಿನಕಾಯಿ ಹಾಕಿದ ಶುದ್ಧ ಸಸ್ಯಾಹಾರಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ. ತಿನ್ನುವುದಕ್ಕಲ್ಲ ಮತ್ತೆ, ವಿಜ್ಞಾನಕ್ಕಾಗಿ!

ನರೋಣಾ ಊರಿನ ಅವರ ಹೊಲದ ಬಾವಿಯಲ್ಲಿ, ನೀರಿನೊಳಗೆ ಬಹಳ ಕೆಳಗೆ, ಕಲ್ಲಿನಲ್ಲೊಂದು ಗವಿಯಿತ್ತು. ಎಂಬತ್ತರ ದಶಕದಲ್ಲಿ ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆ ರೇಡಿಯೊ ಕೇಳುತ್ತ ಕೂತಿದ್ದರೆ, ಐವತ್ತು ದಾಟಿದ ಕಾಕಾ ಬ್ಯಾಟರಿ ದೀಪವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಆ ಗವಿಗೆ ಮುಳುಗುತ್ತಿದ್ದರು. ಒಂದು ದಿನ ಏಡಿಯೊಂದನ್ನು ಹಿಡಿದು ಮೇಲೆ ಬಂದರು. ಹಾಲಿನಂತೆ ಬಿಳಿ, ಕಣ್ಣೇ ಇಲ್ಲ! ಹಾಗಂತ ಅವರೇ ಹೇಳಬೇಕು, ನೋಡಿದವರು ಬೇರೆ ಯಾರೂ ಇಲ್ಲ.

ಮೇಲೆ ತರುವಷ್ಟರಲ್ಲಿ ಅದು ಸತ್ತಿತ್ತು; ಕೆಟ್ಟೀತೆಂದು ಯಾರಿಗೂ ಬಿಚ್ಚಿ ತೋರಿಸದೆ ಬಟ್ಟೆಯಲ್ಲಿ ಸುತ್ತಿಟ್ಟರು. ಇಂಥವನ್ನು ಕಾಲೇಜಿನವರು ಸ್ಪಿರಿಟ್‌ನಲ್ಲಿ ಇಡುತ್ತಾರೆಂದು ಯಾರೋ ಹೇಳಿದರು. ಕಾಕಾಗೆ ಸ್ಪಿರಿಟ್ ಎಂದರೆ ಸಾರಾಯಿಯೇ; ಸಿಡುಕಿದರು: "ಲಿಂಗ ಕಟ್ಟಿದ ಮನ್ಯಾಗ ಸೆರೆ ತರ್ಲೇನು?" ಹಾಗಾದರೆ ವರ್ಷಗಟ್ಟಲೆ ಕೆಡದ ವಸ್ತು ನಮ್ಮ ಮನೆಗಳಲ್ಲಿ ಯಾವುದಿದೆ ಹೇಳಿ? ಕಾಕಿಯ ಮಾವಿನಕಾಯಿ ಭರಣಿಯೊಳಗೆ ಏಡಿಯನ್ನು ತುರುಕಿ, ಬಸ್ಸು ಹತ್ತಿ, ಗುಲಬರ್ಗಾದ ಕಾಲೇಜೊಂದಕ್ಕೆ ಮುಟ್ಟಿಸಿಯೇ ಬಂದರು.

ಅಲ್ಲಿನ ಮೇಷ್ಟ್ರಿಂದ ಕಾಗದ ಬಂತು, ಜೊತೆಗೊಂದು ಬಾಟಲಿ. "ತಾವು ಕೊಟ್ಟದ್ದು ಕೆಂಪಗಿದೆ, ಮೆಂತ್ಯದ ವಾಸನೆ ಬರುತ್ತದೆ. ಕಣ್ಣಿದ್ದವೋ ಇಲ್ಲವೋ, ಖಾರದಲ್ಲಿ ತಿಳಿಯುತ್ತಿಲ್ಲ. ಇನ್ನೊಂದನ್ನು ಈ ಸ್ಪಿರಿಟ್ ಬಾಟಲಿಯಲ್ಲಿ ಹಾಕಿ ಕಳಿಸಿರಿ. ಹೊಸ ಜಾತಿಯಾದರೆ ತಮ್ಮ ಹೆಸರನ್ನೇ ಇಡೋಣ."

"ನನ್ನ ಭರಣಿ ಕಳಿಸ್ಯಾರೇನ್ರಿ?" ಎಂದರು ಕಾಕಿ.

"ಹೆಸರು ಬರ್ತದ ಅಂದ್ರ ಭರಣಿ ಕೇಳ್ತಿ!"

"ಹೆಸರಿನ್ಯಾಗ ಉಪ್ಪಿನಕಾಯಿ ಹಾಕಾಕ ಬರ್ತದೇನ್ರಿ?"

ಸುದ್ದಿ ಊರೆಲ್ಲ ಹಬ್ಬಿತು. "ಏಡಿ ಸಾಹೇಬ್ರ, ಈ ಸಲ ಲಿಂಬಿಕಾಯಿ ಹಾಕ್ರಿ!" ಎಂದು ಕಟ್ಟೆಯವರು ನಗುತ್ತಿದ್ದರು. ಕಾಕಾ ತಾವೂ ನಗುತ್ತಿದ್ದರು. ಆದರೆ ಒಳಗೊಳಗೇ ನೊಂದಿದ್ದರು. ಈ ಒಂದು ಸಲ ಊರಿನ ಮುಂದೆ ಬಿಳಿ ಏಡಿ ಸುಳ್ಳಲ್ಲ ಎಂದು ತೋರಿಸಬೇಕಾಗಿತ್ತು, ಅಷ್ಟೇ. ಅದಕ್ಕಾಗಿ ಆ ಬಾಟಲಿಯನ್ನೂ ಮನೆಯೊಳಗೆ ಬಿಟ್ಟುಕೊಂಡರು!

ಇನ್ನೊಂದು ಏಡಿ ತರಲು ಅವರು ಮುಳುಗಿದ ದಿನ ಬಾಟಲಿ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಕೂತವನು ನಾನು. ಸುತ್ತಲೂ ಅರ್ಧ ಊರು. ಮೂರನೆಯ ಸಲ ಮುಳುಗಿದ ಕಾಕಾ ಎಷ್ಟು ಹೊತ್ತಾದರೂ ಏಳಲಿಲ್ಲ. ಕಾಕಿ ಬರಿಗಾಲಲ್ಲಿ ಓಡಿ ಬಂದರು. ಕೊನೆಗೆ ನೀರು ಕಲಕಿತು. ಕಾಕಾ ಎದ್ದರು, ಬರಿಗೈಯಲ್ಲಿ.

"ಸಿಗಲಿಲ್ಲೇನ್ರಿ ಕಾಕಾ?"

"ಸಿಕ್ತಲೇ. ಹೊಟ್ಟಿ ಬುಡಕ ಮರಿ ಅಪ್ಪಿಕೊಂಡಿತ್ತು. ಬಿಟ್ಟು ಬಂದೇನಿ. ಆ ಬಾಟ್ಲಿ ವಾಪಸ್ ಕಳಿಸಿಬಿಡು."

ಮೇಲಿನವರು ಹೋ ಎಂದು ನಕ್ಕರು. ಕಾಕಾ ತಲೆ ಎತ್ತಲಿಲ್ಲ. ನನಗೆ ಅಳುವೇ ಬಂತು. ಭರಣಿಗಾಗಿ ತಿಂಗಳುಗಟ್ಟಲೆ ಜಗಳಾಡಿದ್ದ ಕಾಕಿ ಮೆಟ್ಟಿಲಿಳಿದು ಬಂದು, ಅಷ್ಟು ಜನರ ಎದುರಿಗೇ ಸೆರಗಿನಿಂದ ಅವರ ತಲೆ ಒರೆಸಿದರು.

"ನೀವು ಬೆಳ್ಳಗಿತ್ತು ಅಂದ್ರ ಬೆಳ್ಳಗ ಇತ್ರಿ. ನಡೀರಿ ಮನಿಗೆ."